ಹದಿನೈದು ನಿಮಿಷ ಓಡಬೇಕಾದ ಮೋಟಾರು

“ಮೊದಲು ನಿನ್ನ ಬಾಯಿಗೆ ಬೀಗ ಜಡಿ. ಆಮೇಲೆ ಮೋಟಾರಿನ ವಿಷಯ ಮಾತಾಡು,” ಎಂದೆ.

“ಬೀಗ ಜಡಿದ ಮೇಲೆ ಹೆಂಗೆ ಮಾತಾಡೋದು ಭಾವಾ?” ಎಂದ ನನ್ನ ಹೆಂಡತಿಯ ತಮ್ಮ.

ಸ್ಪ್ಯಾನರನ್ನು ನೆಲಕ್ಕೆ ಕುಕ್ಕಿದೆ. ದೋಣಿಯಲ್ಲಿ ನಮ್ಮಿಬ್ಬರಿಗೂ ಸಮಪಾಲು. ಅದರ ಹಿಂದಕ್ಕೆ ಬಿಗಿಯುವ ಮೋಟಾರಿಗೆ ಇಪ್ಪತ್ತೆರಡು ವರ್ಷ. ಈ ವಾರ ನಡುನೀರಿನಲ್ಲಿ ಮೂರು ಸಲ ಕೈಕೊಟ್ಟಿತು ಎಂದು ಅವನು ಗುಜರಿಗೆ ಹಾಕಲು ಹಟ ಹಿಡಿದಿದ್ದ. ಬೆಳಿಗ್ಗೆಯೇ ಬಾಡಿಗೆ ಕೈಗಾಡಿ ತಂದು ಗೇಟಿಗೆ ಒರಗಿಸಿದ್ದ. ಹನ್ನೆರಡು ಗಂಟೆಯೊಳಗೆ ಒಂದೇ ಸಮನೆ ಹದಿನೈದು ನಿಮಿಷ ಓಡದಿದ್ದರೆ ಮೋಟಾರು ಆ ಕೈಗಾಡಿಗೆ. ಓಡಿದರೆ ಅವನ ಅರ್ಧ ಮೀಸೆಗೆ ಕತ್ತರಿ. ಇದು ಅವನೇ ಕಟ್ಟಿದ ಪಂದ್ಯ. ಆ ಮೀಸೆಗೆ ಅವನು ಮಾಡುವಷ್ಟು ಆರೈಕೆಯನ್ನು ದೋಣಿಗೆ ಮಾಡಿದ್ದರೆ ಅದು ಇನ್ನೂ ಹೊಸದಿರುತ್ತಿತ್ತು.

ಅಂಗಳದಲ್ಲಿ ನೀರು ತುಂಬಿದ ಡ್ರಮ್ಮಿಗೆ ಹಲಗೆ ಕಟ್ಟಿ, ಮೋಟಾರನ್ನು ಅದಕ್ಕೆ ಬಿಗಿದಿದ್ದೆ. ಹಗ್ಗ ಎಳೆದರೆ ಸ್ಟಾರ್ಟ್ ಆಗುತ್ತಿತ್ತು, ನಾಲ್ಕು ನಿಮಿಷಕ್ಕೆ ಕೆಮ್ಮಿ ನಿಲ್ಲುತ್ತಿತ್ತು. ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರೆ ಪೆಟ್ರೋಲು ಇದ್ದೇ ಇತ್ತು. ಪ್ಲಗ್ ಬದಲಿಸಿದೆ, ಮತ್ತೆ ನಾಲ್ಕು ನಿಮಿಷ. ಕಾರ್ಬುರೇಟರ್ ಬಿಚ್ಚಿ ಸಣ್ಣ ತಂತಿ ತೂರಿಸಿ ತೊಳೆದೆ, ಆಗಲೂ ನಾಲ್ಕೇ. ಪೆಟ್ರೋಲಿಗೆ ನೀರು ಬೆರೆಸಿದ್ದೀಯ ಎಂದು ಭಾವಮೈದುನನನ್ನು ಬೈದೆ. ಅವನು ಗೇಟಿನ ಬಳಿ ಹೋಗಿ ಗಾಡಿಯ ಧೂಳು ಒರೆಸತೊಡಗಿದ.

ಹನ್ನೊಂದೂವರೆಗೆ ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು.

“ರೀ, ನಿಂತಾಗೆಲ್ಲ ಆ ಮುಚ್ಚಳ ತೆಗೆದು ಇಣುಕ್ತೀರಿ. ಆಮೇಲೇ ಅದು ಸ್ಟಾರ್ಟ್ ಆಗೋದು. ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದ್ರೆ ಎಣ್ಣೆ ಸರಾಗ ಬೀಳುತ್ತಾ? ಗಾಳಿಗೆ ಇನ್ನೊಂದು ಬೇಡ್ವಾ?”

ಹೋಗಿ ಒಲೆ ನೋಡಿಕೋ ಎನ್ನಲು ಬಾಯಿ ತೆರೆದವನು ಹಾಗೇ ಮುಚ್ಚಿದೆ. ಮುಚ್ಚಳದ ನೆತ್ತಿಯಲ್ಲಿ ಗಾಳಿ ಹೋಗಲೆಂದೇ ಒಂದು ಪುಟ್ಟ ಸ್ಕ್ರೂ ಇದೆ. ಇಪ್ಪತ್ತೆರಡು ವರ್ಷ ಅದನ್ನು ಮುಟ್ಟಿರಲಿಲ್ಲ. ಹೋದ ವಾರ ಮೋಟಾರನ್ನು ತಂಪಾಗಿಡುವ ನೀರಿನ ಪಂಪಿನ ರಬ್ಬರು ಚಕ್ರ ಬದಲಿಸಲು ಮೋಟಾರನ್ನು ಹೆಗಲ ಮೇಲೆ ಮನೆಗೆ ತರುವಾಗ ಪೆಟ್ರೋಲು ಬೆನ್ನಿಗೆ ಸುರಿಯಿತೆಂದು ಸಿಟ್ಟಿನಲ್ಲಿ ಆ ಸ್ಕ್ರೂ ತಿರುಪಿ ಬಿಗಿದವನು ನಾನೇ. ಇದನ್ನು ಭಾವಮೈದುನನಿಗೆ ಹೇಳಲಿಲ್ಲ. ಹೇಳಿದ್ದರೆ ಕತ್ತರಿ ನನ್ನ ಮೀಸೆಯ ಕಡೆ ತಿರುಗುತ್ತಿತ್ತು.

ಸ್ಕ್ರೂ ಸಡಿಲಿಸಿದೆ. ಉಸ್ಸೆಂದು ಗಾಳಿ ಒಳಗೆ ಹೋಯಿತು. ಹಗ್ಗ ಎಳೆದೆ.

ಹೆಂಡತಿ ಅಲಾರಂ ಗಡಿಯಾರವನ್ನು ಕಟ್ಟೆಯ ಮೇಲಿಟ್ಟಳು. ನಾಲ್ಕು ನಿಮಿಷ ದಾಟಿತು. ಎಂಟಕ್ಕೆ ಭಾವಮೈದುನ ಹೊಗೆ ಜಾಸ್ತಿ ಎಂದ, ಹತ್ತಕ್ಕೆ ಗಡಿಯಾರ ಮುಂದೋಡುತ್ತಿದೆ ಎಂದ. ಹನ್ನೆರಡನೇ ನಿಮಿಷಕ್ಕೆ ಮೀಸೆಯ ಮೇಲೆ ಕೈ ಇಟ್ಟುಕೊಂಡ. ಹದಿನೈದಾದರೂ ಮೋಟಾರು ಡ್ರಮ್ಮಿನ ನೀರನ್ನು ಕಡೆಯುತ್ತಲೇ ಇತ್ತು.

ಹೆಂಡತಿ ಒಳಗೆ ಹೋಗಿ ಕತ್ತರಿ ತಂದಳು.

“ಯಾವ ಕಡೇದು ತೆಗೀಲಪ್ಪಾ, ಎಡಗಡೇದಾ ಬಲಗಡೇದಾ?”

“ಗಾಡಿ ಬಾಡಿಗೆ ಏರ್ತಾ ಇದೆ ಅಕ್ಕಾ. ಕೊಟ್ಟು ಈಗ ಬಂದೆ,” ಎಂದು ಖಾಲಿ ಗಾಡಿ ತಳ್ಳಿಕೊಂಡು ಹೊರಟ.

ತಿರುವಿನವರೆಗೆ ಮೆಲ್ಲಗೆ ನಡೆದ. ಆಚೆಗೆ ಗಾಡಿಯ ಚಕ್ರ ಓಡುವ ಸದ್ದು ಕೇಳಿಸಿತು. ಊಟಕ್ಕೆ ಮೂರು ತಟ್ಟೆ ಇಟ್ಟು, ಪಕ್ಕದಲ್ಲಿ ಕತ್ತರಿಯನ್ನೂ ಇಟ್ಟು ಕಾದೆವು. ಸಂಜೆಯಾದರೂ ಆಸಾಮಿ ಪತ್ತೆಯಿಲ್ಲ.