‘ಬೇ’ ಅಂದ ಮೇಲಿನ ಬಿಡುವು

ಹುಡುಗಿ ಉಗ್ಗುತ್ತಿದ್ದಳು. ಅದು ದೊಡ್ಡಪ್ಪನ ಕಡೆಯಿಂದ ಬಂದ ಆಸ್ತಿ ಅಂತ ಮನೆಯವರು ನಗುತ್ತಿದ್ದರು. ಸೈಕಲ್ ರಿಪೇರಿ ಮಾಡುವ ದೊಡ್ಡಪ್ಪನೂ ಉಗ್ಗುತ್ತಿದ್ದ. ಆದರೆ ಅವನ ಗಿರಾಕಿಗಳು ಚಕ್ರ ಬಿಚ್ಚಿಸಿಕೊಂಡು ಕೂತವರು, ಕಾಯದೆ ವಿಧಿಯಿಲ್ಲ. ಕಾಲೇಜಿನಲ್ಲಿ ಕಾಯುವವರು ಯಾರು? ಅವಳು ಬಾಯಿ ತೆರೆದರೆ ಸಾಕು, ಮಿಕ್ಕದ್ದನ್ನು ಬೇರೆಯವರೇ ಮುಗಿಸಿಬಿಡುತ್ತಿದ್ದರು.

ಕಂಪ್ಯೂಟರ್ ಓದಿನ ಕೊನೆಯ ವರ್ಷ ಅದು. ಒಬ್ಬೊಬ್ಬರೂ ಸ್ವಂತವಾಗಿ ಒಂದು ಸಂಶೋಧನೆ ಮಾಡಬೇಕು. ಮೇಲುಸ್ತುವಾರಿಗೆ ಒಬ್ಬರು ಗೈಡು. ಅವರು ರುಜು ಹಾಕಿದರೆ ಪಾಸು, ಇಲ್ಲದಿದ್ದರೆ ವರ್ಷ ಹೋದಂತೆ. ಯಾರೇ ಆಡಿದ ಮಾತನ್ನು ಕೇಳಿ ಅಕ್ಷರಕ್ಕಿಳಿಸುವ ಪ್ರೋಗ್ರಾಂ ಮಾಡುವ ಕೆಲಸವನ್ನು ಇವಳು ಹಿಡಿದಳು. ನೆರೆಹೊರೆಯವರ ದನಿ, ಗೆಳತಿಯರ ದನಿ, ಹುಡುಕಿ ಹುಡುಕಿ ಉಗ್ಗುವವರ ದನಿ, ಎಲ್ಲವನ್ನೂ ಫೋನಿನಲ್ಲಿ ತುಂಬಿಕೊಂಡು ಬಂದಳು.

ಪ್ರೋಗ್ರಾಂ ಎಡವಿದ್ದು ಒಂದು ಪದದಲ್ಲಿ. ದೊಡ್ಡಪ್ಪ ‘ಬೇಡ’ ಅಂದದ್ದನ್ನು ಅದು ‘ಬೇಕು’ ಅಂತ ಬರೆಯಿತು. ತನ್ನ ದನಿ ಹಾಕಿ ನೋಡಿದಳು, ಅದೂ ‘ಬೇಕು’. ಕೆದಕಿದಾಗ ವಿಷಯ ಗೊತ್ತಾಯಿತು. ಲ್ಯಾಬಿನ ಪದ್ಧತಿಯಂತೆ ದನಿ ಒಂದು ಗಳಿಗೆ ನಿಂತರೆ ಮಾತು ಮುಗಿಯಿತು ಅಂತ ಅಲ್ಲಿಗೆ ಕತ್ತರಿ. ‘ಬೇ’ ಅಂದು ಗಂಟಲು ಕಟ್ಟಿದವರ ‘ಡ’ ಕತ್ತರಿಯಿಂದಾಚೆ ಬೀಳುತ್ತಿತ್ತು. ಕೈಗೆ ಸಿಕ್ಕ ‘ಬೇ’ಗೆ ಪ್ರೋಗ್ರಾಂ ತಾನೇ ‘ಕು’ ಅಂಟಿಸುತ್ತಿತ್ತು. ಜನ ಹೆಚ್ಚಾಗಿ ಅನ್ನುವುದೂ ಅದೇ ತಾನೆ.

ಅವಳು ಅಂಗಡಿಗೆ ಹೋಗಿ ಇದನ್ನು ಹೇಳಿದಾಗ ದೊಡ್ಡಪ್ಪ ಟ್ಯೂಬಿಗೆ ಗಾಳಿ ಹಾಕುತ್ತಾ ಕೇಳಿಸಿಕೊಂಡ.

“ನ... ನನ್ನ ಮಾತು ಕತ್ತರಿಸೋಕೆ ನಿಮ್ಮ ದೊಡ್ಡಮ್ಮ ಒಬ್ಬಳು ಸಾಲದೇನೇ? ಅದಕ್ಕೂ ಮಿಷನ್ ಮಾಡ್ಬೇಕಾ?”

ಆಮೇಲೆ ಪಂಪು ನಿಲ್ಲಿಸಿದ. “ಹಲ್ಲಿನ ಡಾಕ್ಟ್ರಿಗೆ ಬೇ... ಬೇಡ ಅಂತ ಮುಗಿಸೋಷ್ಟ್ರಲ್ಲಿ ಹಲ್ಲು ಅವರ ಕೈಲಿತ್ತು. ನೋವಿದ್ದದ್ದು ಪ... ಪಕ್ಕದ್ದು ಕಣೇ.”

ಇಬ್ಬರೂ ನಕ್ಕರು. ಅವಳ ನಗು ಬೇಗ ನಿಂತಿತು.

ಗೈಡು ಕೆಟ್ಟವರಲ್ಲ, ಆತುರದವರು. ಕಾಫಿ ಆರುವುದಕ್ಕೂ ಬಿಡದೆ ಗಂಟಲಿಗೆ ಸುರಿದುಕೊಳ್ಳುವ ಪೈಕಿ. ಲ್ಯಾಬಿನಲ್ಲಿ, ಅವಳ ಪ್ರೋಗ್ರಾಂ ನೂರಕ್ಕೆ ಎಷ್ಟು ಪದ ಸರಿ ಬರೆಯಿತು ಅನ್ನುವ ಅಂಕಿ ನೋಡಿ ತಲೆ ಕೊಡವಿದರು.

“ನೋಡಮ್ಮ, ಈ ಉಗ್ಗೋರ ದನಿ ತೆಗೆದುಬಿಡು. ಇದನ್ನ ನಾವು ಕಸ ಅಂತೀವಿ. ಕಸ ಗುಡಿಸಿದ್ರೆ ನೂರಕ್ಕೆ ತೊಂಬತ್ತರ ಮೇಲೆ ಸರಿ ಬರುತ್ತೆ. ಸಂಶೋಧನಾ ಪತ್ರಿಕೆಗೂ ಕಳಿಸೋಣ, ನಿನ್ನ ಹೆಸರೇ ಮೊದಲು. ಏನಂತೀಯ?”

“ಬೇ...”

“ಬೇಗ ಮಾಡ್ತೀಯ, ಗೊತ್ತು. ಜಾಣೆ.” ರುಜು ಹಾಕುವ ಹಾಳೆ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು.

ಇಂಥ ಹೊತ್ತಿನಲ್ಲಿ ಅವಳು ಇಷ್ಟು ದಿನ ತಲೆಯಾಡಿಸಿ ಬಂದವಳು. ತನ್ನದಲ್ಲದ ಮಾತಿಗೆ ಹೂಂಗುಟ್ಟುವುದು ಸಲೀಸು, ಯಾರ ಹೊತ್ತೂ ಹಾಳಾಗುವುದಿಲ್ಲ. ಈ ಸಲ ಹಾಳೆಯ ಮೇಲೆ ಅಂಗೈ ಊರಿದಳು. ಗೈಡು ಬಾಯಿ ತೆರೆದರು. ಇನ್ನೊಂದು ಕೈ ಎತ್ತಿ ತಡೆದಳು. ಫ್ಯಾನು ತಿರುಗುತ್ತಿತ್ತು. ಪಕ್ಕದ ಮೇಜಿನವರು ಕೆಲಸ ಬಿಟ್ಟು ನೋಡಿದರು. ಅವಳ ಕತ್ತಿನ ನರ ಎದ್ದಿತು, ಮುಖ ಕೆಂಪಗಾಯಿತು. ಅವಸರ ಮಾತ್ರ ಪಡಲಿಲ್ಲ.

“ಬೇ... ಡ ಸರ್.”

ಗೈಡು ಪೆನ್ನು ಕೆಳಗಿಟ್ಟರು. “ಇಷ್ಟು ಕಮ್ಮಿ ಅಂಕಿಗೆ ನಾನು ರುಜು ಹಾಕೋಕಾಗಲ್ಲ. ನಿನಗೆ ಒಂದು ವರ್ಷ ಹೋಗುತ್ತೆ.”

“ಹೋ... ಹೋಗ್ಲಿ. ಆ ಕಸದಲ್ಲಿ ನಾ... ನಾನೂ ಇದೀನಿ ಸರ್. ನನ್ನನ್ನೇ ಗುಡಿಸಿಹಾಕಿ ನನ್ನ ಹೆಸರು ಮೊದಲು ಹೆಂಗೆ ಹಾಕ್ತೀರಿ?”

“ಅದ್ರಲ್ಲಿ ನಿನ್ನ ದನೀನೂ ಇದೆ ಅಂತ ನಂಗೆ ಗೊತ್ತಿರ್ಲಿಲ್ಲಮ್ಮ.”

“ಪೂ... ಪೂರ್ತಿ ಕೇಳಿದ್ರೆ ತಾನೆ ಗೊತ್ತಾಗೋದು.”

ಗೈಡು ಕಿಟಕಿ ಕಡೆ ನೋಡಿದರು. ಪೆನ್ನಿಗೆ ಮುಚ್ಚಳ ಹಾಕಿದರು. ರುಜು ಹಾಕಲಿಲ್ಲ. ಅವಳೂ ಕೇಳಲಿಲ್ಲ. ಹಾಳೆ ಎತ್ತಿಕೊಂಡು, ಮೇಲಿದ್ದ ವಿಷಯವನ್ನು ಅಲ್ಲೇ ನಿಂತು ಹೊಡೆದುಹಾಕಿ, ಕೆಳಗೆ ಬರೆದಳು: ‘ಯಂತ್ರ ಎಷ್ಟು ಹೊತ್ತು ಕಾಯಬೇಕು?’ ಗೈಡ್ ಅಂತ ಅವರ ಹೆಸರಿದ್ದ ಜಾಗವನ್ನೂ ಹೊಡೆದುಹಾಕಿದಳು.

ಹೊರಗೆ ಬಂದಳು. ವರ್ಷ ಹೋಯಿತು ಅಂತ ಮನೆಯಲ್ಲಿ ಹೇಳಬೇಕು, ಅದು ಆಮೇಲಿನ ಮಾತು. ಮೊದಲು ಬೇರೆ ಗೈಡು ಸಿಗಬೇಕು. ಓಣಿಯುದ್ದಕ್ಕೂ ಮೇಷ್ಟ್ರುಗಳ ಕೋಣೆಗಳು. ಮೊದಲ ಬಾಗಿಲು ತಟ್ಟಿದಳು.

“ಯಾರು?” ಅಂತ ಒಳಗಿನಿಂದ ಹೆಂಗಸಿನ ದನಿ.

ಉಗ್ಗುವವರಿಗೆ ಎಲ್ಲಕ್ಕಿಂತ ಕಷ್ಟ ತಮ್ಮ ಹೆಸರು ಹೇಳುವುದು. ಅವಳು ಮೊದಲ ಅಕ್ಷರ ಹಿಡಿದು ನಿಂತಳು. “ಯಾರದು?” ಅಂತ ಮತ್ತೊಮ್ಮೆ ಬಂತು. ಪೂರ್ತಿ ಹೆಸರು ಹೇಳಿ ಮುಗಿಸಿಯೇ ಬಾಗಿಲು ನೂಕಿದಳು.