ಬೆನ್ನ ಮೇಲಿನ ಬೆರಳು

ದರ್ಜಿಯ ಮನೆಯಲ್ಲಿ ಎಲ್ಲರೂ ಗಟ್ಟಿಯಾಗಿ ಮಾತಾಡುತ್ತಿದ್ದರು. ಹೊಲಿಗೆ ಯಂತ್ರದ ಸದ್ದಿಗೆ ಹಾಗೆ ಎಂದು ನೆರೆಯವರು ತಿಳಿದಿದ್ದರು. ನಿಜವಾದ ಕಾರಣ ಕಿರಿಯ ಮಗಳು. ಜ್ವರವೊಂದು ಅವಳ ಕಿವಿಯನ್ನು ಮುಕ್ಕಾಲು ಪಾಲು ಕಸಿದುಕೊಂಡಿತ್ತು.

"ಹೊರಗೆ ಯಾರೂ ಬಾಯಿಬಿಡಕೂಡದು," ಎಂದು ಅಜ್ಜಿ ಕಟ್ಟಪ್ಪಣೆ ಮಾಡಿದ್ದಳು. "ದೊಡ್ಡವಳಿಗೆ ಗಂಡು ನೋಡ್ತಿದ್ದೀವಿ. ಮನೇಲಿ ಕಿವುಡು ಅಂತ ಗೊತ್ತಾದ್ರೆ ಯಾರು ನಮ್ಮ ಹೊಸಿಲು ತುಳೀತಾರೆ?"

ಕುಂದನ್ನು ಮುಚ್ಚಿಡುವುದು ಆ ಮನೆತನದ ಹಳೆಯ ರೂಢಿ. ಅಜ್ಜಿಯ ತಂಗಿಯೊಬ್ಬಳು ಹಿಂದಿನ ಕೋಣೆಯೊಳಗೇ ಮುದುಕಿಯಾಗಿ ತೀರಿಕೊಂಡಿದ್ದಳು.

ಅಮ್ಮ ಉಪಾಯವೊಂದನ್ನು ಕಲಿಸಿದಳು. ಯಾರಾದರೂ ಮಾತಾಡಿಸಿದಾಗ ಅವಳು ಮಗಳ ಬೆನ್ನನ್ನು ಬೆರಳಿನಿಂದ ಒತ್ತುವಳು. ಮಗಳು ನಕ್ಕು ತಲೆಯಾಡಿಸಬೇಕು. "ಎಷ್ಟು ವಿಧೇಯ ಹುಡುಗಿ!" ಎಂದರು ನೆಂಟರು.

ಶಾಲೆಯಲ್ಲಿ ಒತ್ತುವ ಬೆರಳಿರಲಿಲ್ಲ. ಅವಳು ಎಲ್ಲದಕ್ಕೂ ನಕ್ಕಳು, ಬೈದರೂ ನಕ್ಕಳು. 'ನಗೆಬುಗ್ಗೆ' ಎಂದು ಹೆಸರಿಟ್ಟ ಮಕ್ಕಳು ಆಟಕ್ಕೆ ಕರೆಯುವುದನ್ನು ಬಿಟ್ಟರು. ಓದುವವರೇ, ಒಂಟಿತನಕ್ಕೆ ಅಳುಮುಖವೇ ಇರಬೇಕೆಂದಿಲ್ಲ. ಬಿಡುವಿನ ವೇಳೆ ಅವಳು ತರಗತಿಯ ಗೋಡೆಗೆ ಕೆನ್ನೆಯೊತ್ತಿ ನಿಲ್ಲುತ್ತಿದ್ದಳು. ಒಳಗೆ ಯಾರಾದರೂ ಬೆಂಚು ಎಳೆದರೆ ಗೋಡೆ ನಡುಗುತ್ತಿತ್ತು. ಅವಳ ಪಾಲಿಗೆ ಬಂದ ಮಾತು ಅಷ್ಟೇ.

ಮನೆಯವರು ಅವಳನ್ನು ಶಾಲೆ ಬಿಡಿಸಿ ಗುಂಡಿ ಹೊಲಿಯಲು ಕೂರಿಸುತ್ತಾರೆಂದು ತಿಳಿದು ಟೀಚರ್ ಮನೆಗೇ ಬಂದರು.

"ಇವಳು ದಡ್ಡಿ ಅಲ್ಲ. ಬೋರ್ಡ್ ಮೇಲೆ ಬರೆದ ಲೆಕ್ಕ ಥಟ್ಟಂತ ಮಾಡ್ತಾಳೆ. ಬಾಯಲ್ಲಿ ಹೇಳಿದ್ದು ತಲುಪ್ತಿಲ್ಲ. ಕಲಿಯೋಕೆ ಹೆಚ್ಚಿನ ನೆರವು ಬೇಕು."

"ನಮ್ಮ ವಂಶದಲ್ಲೇ ಕಿವುಡಿಲ್ಲ," ಎಂದಳು ಅಜ್ಜಿ. "ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ!"

ದರ್ಜಿ ಕತ್ತರಿ ಕೆಳಗಿಟ್ಟ. "ಅದೆಲ್ಲ ಡಾಕ್ಟರು ಬರೆದುಕೊಟ್ಟ ಮೇಲೆ ತಾನೇ, ಮೇಡಂ?"

"ಡಾಕ್ಟರಿಗೆ ತೋರಿಸಿ, ಬೇಡ ಅನ್ನಲ್ಲ. ಆದ್ರೆ ಅಲ್ಲಿವರೆಗೂ ಕಾಯಬೇಕಾಗಿಲ್ಲ. ಕಿವಿ ಇರ್ಲಿ, ಕಾಯಿಲೆ ಇರ್ಲಿ, ಮನೇಲಿ ಸಾವಾಗಿರ್ಲಿ, ಮಿಕ್ಕ ಮಕ್ಕಳಿಗೆ ಸಾಲೋದು ಈ ಮಗುಗೆ ಸಾಲ್ತಿಲ್ಲ ಅಂದ್ರೆ ಆ ದಿನದಿಂದ್ಲೇ ಅದು ಇವಳ ಹಕ್ಕು. ಮೊದಲು ನೀವು ಹೌದು ಅನ್ನಬೇಕು, ಅಷ್ಟೇ."

"ಅವಳನ್ನೇ ಕೇಳೋಣ," ಎಂದ ಅಜ್ಜಿ, ಹೊರಗಿನವರೆದುರು ರೂಢಿಯಾಗಿದ್ದ ಸಣ್ಣ ದನಿಯಲ್ಲಿ ಕೇಳಿದಳು: "ಏನೇ, ಪಾಠ ಎಲ್ಲಾ ಕೇಳಿಸತ್ತಲ್ವಾ?"

ಅಮ್ಮನ ಬೆರಳು ಬೆನ್ನನ್ನು ಒತ್ತಿತು. ಹುಡುಗಿಯ ತುಟಿಯ ಮೇಲೆ ನಗು ಅರ್ಧ ಮೂಡಿ ನಿಂತಿತು. ಅವಳು ಕೈ ಹಿಂದೆ ಚಾಚಿ ಆ ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಕೇಳಿಸ್ಲಿಲ್ಲ," ಎಂದಳು. "ಇನ್ನೊಂದ್ಸಲ ಹೇಳಿ."

ಅಮ್ಮ ಬೆರಳು ಬಿಡಿಸಿಕೊಳ್ಳಲಿಲ್ಲ. ಬೀದಿಯ ಕಡೆಯ ಕಿಟಕಿ ತೆರೆದೇ ಇತ್ತು.

"ಅವಳೆದುರು ಬಂದು ಹೇಳಿ, ಅತ್ತೆ," ಎಂದಳು ಗಟ್ಟಿಯಾಗಿ. "ನನ್ನ ಮಗಳಿಗೆ ಕಿವಿ ಕೇಳಲ್ಲ."