ಮೇಲಿನ ಗುಂಡಿಯಿಲ್ಲದ ಕೋಟು

ಮೇಲಿನ ಗುಂಡಿಯೇ ಇಲ್ಲದ ಬಿಳಿ ಕೋಟನ್ನು ಅಷ್ಟು ಗಾಂಭೀರ್ಯದಿಂದ ತೊಡುತ್ತಿದ್ದ ಇನ್ನೊಬ್ಬರನ್ನು ನಾನು ಕಂಡಿಲ್ಲ. ಔಷಧ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನಮಗೆಲ್ಲ ಹಿರಿಯರಾಗಿದ್ದ ಅವರು ಬರಿಗೈಯಲ್ಲಿದ್ದಾಗಲೂ ತುಂಬಿದ ಪಾತ್ರೆ ಹಿಡಿದವರಂತೆ ಮೆಲ್ಲಗೆ ನಡೆಯುತ್ತಿದ್ದರು. ಏನು ಕೇಳಿದರೂ ‘ನೋಡೋಣ, ನೋಡೋಣ’ ಎನ್ನುತ್ತಿದ್ದುದರಿಂದ ನಮ್ಮ ಬಾಯಲ್ಲಿ ‘ನೋಡೋಣ ಸಾರ್’ ಆಗಿದ್ದರು. ಕೋಟು ಹೊಲಿದವರು ಅವರ ಅಕ್ಕ. ಬಟ್ಟೆ ಹೊಲಿದೇ ತಮ್ಮನನ್ನು ಓದಿಸಿದಾಕೆ. ಆಕೆಯ ಬೆರಳಿನ ಕೀಲುಗಳು ಊದಿಕೊಂಡ ಮೇಲೆ ಬಿದ್ದ ಗುಂಡಿಯನ್ನು ಇವರು ಒಳಜೇಬಿನಲ್ಲಿಟ್ಟುಕೊಂಡರೇ ಹೊರತು ಇನ್ನೊಬ್ಬರ ಕೈಯಲ್ಲಿ ಹಾಕಿಸಲಿಲ್ಲ.

ಆಕೆ ನುಂಗುತ್ತಿದ್ದ ಕೀಲುನೋವಿನ ಮಾತ್ರೆಗೆ ಗುಣದಲ್ಲಿ ಕೊರತೆಯಿರಲಿಲ್ಲ. ನೀರಿನಲ್ಲಿ ಮಾತ್ರ ಜಪ್ಪಯ್ಯ ಎಂದರೂ ಬೇಗ ಕರಗುತ್ತಿರಲಿಲ್ಲ. ಕರಗದ್ದು ರಕ್ತಕ್ಕೆ ಸೇರುವುದೆಲ್ಲಿ? ಅಕ್ಕ ಬೆಳಿಗ್ಗೆ ಮಾತ್ರೆ ನುಂಗಿ, ಬೆರಳು ಮಡಚಲು ಬರುವ ತನಕ ಎರಡು ಗಂಟೆ ಕಿಟಕಿಯ ಬಳಿ ಸುಮ್ಮನೆ ಕೂರುತ್ತಿದ್ದರಂತೆ. ಆ ಮಾತ್ರೆ ಬೇಗ ಕರಗುವಂತೆ ಮಾಡುವುದೇ ನಮ್ಮ ಪ್ರಯೋಗಾಲಯದ ಕೆಲಸವಾಗಿತ್ತು.

ಔಷಧವನ್ನು ನೀರಿಗೆ ಒಗ್ಗುವ ಒಂದು ಅಂಟಿನೊಡನೆ ಬೆರೆಸಿ, ಬಿಸಿಗಾಳಿಯಲ್ಲಿ ಸಿಂಪಡಿಸಿ ಒಣಗಿಸಿದ ಪುಡಿಯ ಮಾತ್ರೆ ಹತ್ತೇ ನಿಮಿಷಕ್ಕೆ ಕರಗಿದ ದಿನ ನಮಗೆ ಸ್ವರ್ಗಕ್ಕೆ ಮೂರೇ ಗೇಣು. ಅವರು ಮಾತ್ರ ಒಂದಿಷ್ಟು ಮಾತ್ರೆಗಳನ್ನು ಮುಚ್ಚಳ ಸಡಿಲವಾದ ಡಬ್ಬಿಯಲ್ಲಿ ಹಾಕಿ, ಟೀ ಕಾಯಿಸುವ ಕೋಣೆಯಲ್ಲಿ ಒಲೆಯ ಮೇಲಿನ ಗೂಡಿನಲ್ಲಿಟ್ಟರು. ಮೂರು ತಿಂಗಳಾದ ಮೇಲೆ ತಂಪು ಕೋಣೆಯಲ್ಲಿಟ್ಟಿದ್ದ ಉಳಿದ ಮಾತ್ರೆಗಳು ಮೊದಲಿನಂತೆಯೇ ಕರಗಿದವು. ಈ ಡಬ್ಬಿಯವು ಹಬೆಗೆ ಮತ್ತೆ ಹರಳುಗಟ್ಟಿ ನೀರಿನ ಪಾತ್ರೆಯ ತಳದಲ್ಲಿ ಮರಳಿನಂತೆ ಕೂತವು. ಒಣ ಜಾಗದಲ್ಲಿಡಿ ಎಂದು ಡಬ್ಬಿಯ ಮೇಲೆ ಬರೆದರಾಯಿತಲ್ಲ ಎಂದರು ಮ್ಯಾನೇಜರು. ಎಂದೂ ದನಿ ಏರಿಸದ ನೋಡೋಣ ಸಾರ್ ಅಂದೂ ಏರಿಸಲಿಲ್ಲ.

“ನಮ್ಮಕ್ಕ ಮಾತ್ರೆ ಇಡೋದು ಒಲೆ ಪಕ್ಕದ ಗೂಡಲ್ಲೇ. ಎಲ್ಲರ ಮನೇಲೂ ಅಷ್ಟೇ. ಇದಕ್ಕೆ ನಾನು ಸಹಿ ಹಾಕಲ್ಲ.”

ಅಂದರೆ ಎಲ್ಲ ಮೊದಲಿನಿಂದ, ಇನ್ನೂ ಮೂರು ವರ್ಷ. ಅಕ್ಕನಿಗೆ ಹೇಗೆ ಹೇಳಿದಿರಿ ಎಂದು ಸಂಕಟದಿಂದ ಕೇಳಿದೆ.

“ಹೇಳ್ದೆ. ‘ಹಾಗಾದ್ರೆ ಬಿಚ್ಚಿ ಮತ್ತೆ ಹೊಲಿ’ ಅಂದ್ಲು.”

ಬೇರೊಂದು ಅಂಟು ಒಲೆಯ ಗೂಡನ್ನೂ ಗೆದ್ದಿತು. ಮಾತ್ರೆಗೆ ಅನುಮತಿ ಸಿಕ್ಕಿ, ಅಂಗಡಿಗೆ ಬಂದು ತಿಂಗಳೆರಡು ಕಳೆದಿರಬೇಕು. ಒಂದು ಬೆಳಿಗ್ಗೆ ಅವರ ಕೋಟಿನ ಮೇಲಿನ ಗುಂಡಿ ನೀಲಿ ದಾರದಲ್ಲಿ, ಕೊಂಚ ವಾರೆಯಾಗಿ ಕೂತಿತ್ತು. ನಾನು ನೋಡಿದ್ದನ್ನು ನೋಡಿ, “ಸ್ನಾನ ಮಾಡಿ ಬರೋದ್ರೊಳಗೆ ಅಕ್ಕ ಹಾಕಿಟ್ಟಿದ್ಲು” ಎಂದು ಮುಖ ತಿರುಗಿಸಿಕೊಂಡರು. ನನಗೂ ಕಣ್ಣು ತುಂಬಿತು.

ಈಗ ನನ್ನ ಬೆರಳಿಗೂ ಅದೇ ನೋವು; ಎಲ್ಲ ತಿಳಿದೂ ಮಾತ್ರೆಯನ್ನು ಒಲೆ ಪಕ್ಕದಲ್ಲೇ ಇಡುತ್ತೇನೆ. ನಮ್ಮ ಉದಾಸೀನವನ್ನು ಬೈಯದೆ, ಅದನ್ನೂ ಗಮನದಲ್ಲಿಟ್ಟುಕೊಂಡು ದುಡಿಯುವವರು ಕೆಲವರಿರುತ್ತಾರೆ. ಅವರ ಹೆಸರು ಸಹ ತಿಳಿಯದೆ, ಅವರ ದಯೆಯಲ್ಲೇ ನಾವು ಇಷ್ಟು ನಿಶ್ಚಿಂತರಾಗಿ ಬದುಕುತ್ತೇವೆ.